ನಿಕಲ್ ಮೈನ್ಸ್ ದುರಂತದ ನಂತರದ ಆಮಿಶ್ ಬದುಕು: ಹೊರಗಿನವರು ಎಲ್ಲಿ ಎಡವುತ್ತೇವೆ?

ಪ್ರಶ್ನೆ: ಹೊಳೆದಂಡೆ

2006ರ ಅಕ್ಟೋಬರ್ 2, ಸೋಮವಾರ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್‌ನಲ್ಲಿ ಕಾರು ಓಡಿಸದೆ ಹಳೆಯ ಸರಳ ರೀತಿಯಲ್ಲಿ ಬದುಕುವ ಕ್ರೈಸ್ತ ಪಂಥದವರಾದ ಆಮಿಶರ ಒಂದೇ ಕೋಣೆಯ ಶಾಲೆಗೆ ಬಂದೂಕು ಹಿಡಿದು ಬಂದವನೊಬ್ಬ ಗಂಡುಮಕ್ಕಳನ್ನು ಹೊರಗೆ ಕಳಿಸಿ, ಹತ್ತು ಹೆಣ್ಣುಮಕ್ಕಳಿಗೆ ಗುಂಡಿಕ್ಕಿದ. ಐವರು ತೀರಿಕೊಂಡರು, ಐವರು ಗಂಭೀರ ಗಾಯಗಳೊಂದಿಗೆ ಉಳಿದರು. ಎಲ್ಲರೂ 6ರಿಂದ 13 ವರ್ಷದವರು. ಅವನೂ ಅಲ್ಲೇ ಗುಂಡು ಹಾರಿಸಿಕೊಂಡು ಸತ್ತ. ಅವನು ಆಮಿಶನಲ್ಲ, ಆದರೆ ಅಪರಿಚಿತನೂ ಅಲ್ಲ. ಅದೇ ಸುತ್ತಿನ ಹೊಲಮನೆಗಳಿಂದ ಹಾಲು ಒಯ್ಯುತ್ತಿದ್ದ ಟ್ಯಾಂಕರ್ ಚಾಲಕ. ಅಂದು ಸಂಜೆಯೇ ಆಮಿಶರು ಅವನ ಹೆಂಡತಿ ಮತ್ತು ತಂದೆತಾಯಿಯ ಬಳಿಗೆ ಹೋಗಿ, ನಮ್ಮ ಮನಸ್ಸಿನಲ್ಲಿ ದ್ವೇಷವಿಲ್ಲ, ಕ್ಷಮಿಸಿದ್ದೇವೆ ಎಂದರು.

ಇದರ ಬಗ್ಗೆ ಹೊರಗಿನವರು ಬರೆದದ್ದರಲ್ಲಿ ಎರಡೇ ಧಾಟಿ ಕಾಣುತ್ತದೆ. ಇವರು ಸಂತರು, ನಮ್ಮಿಂದಾಗದ್ದು ಎಂದು ಕೈಮುಗಿಯುವುದು ಒಂದು. ಆರು ಗಂಟೆಯೊಳಗೆ ಬರುವ ಕ್ಷಮೆ ಕ್ಷಮೆಯೇ ಅಲ್ಲ, ಅದು ಗುಂಪಿನ ಒತ್ತಾಯ ಎಂದು ತಳ್ಳಿಹಾಕುವುದು ಇನ್ನೊಂದು. ಎರಡರಿಂದಲೂ ಏನೂ ತಿಳಿದಂತಾಗಲಿಲ್ಲ. ಆ ಸಂಜೆ, ಆ ವಾರ, ಆ ವರ್ಷ ಅಲ್ಲಿ ನಿಜಕ್ಕೂ ನಡೆದದ್ದೇನು? ಯಾರು ಏನು ಮಾಡಿದರು, ಯಾವ ಕ್ರಮದಲ್ಲಿ? ವಿಮೆ ಇಲ್ಲದ ಜನ ಆಸ್ಪತ್ರೆಯ ಬಿಲ್ ಹೇಗೆ ಕಟ್ಟಿದರು? ಫಿಲಡೆಲ್ಫಿಯಾ, ಹ್ಯಾರಿಸ್‌ಬರ್ಗ್ ಸುತ್ತಮುತ್ತ ನಮ್ಮವರು ಸಾಕಷ್ಟಿದ್ದಾರೆ, ಕೆಲವರಿಗೆ ಆಮಿಶರು ಅಕ್ಕಪಕ್ಕದವರೇ. ಅಂಥ ಮನೆಯಲ್ಲಿ ಹಠಾತ್ ಸಾವಾದರೆ ಹೊರಗಿನವರು ಏನು ಮಾಡಬೇಕು, ಏನು ಮಾಡಬಾರದು? ಬಲ್ಲವರು ವಿವರವಾಗಿ ಬರೆಯಿರಿ.

ಉತ್ತರ: ದಾರಿಬುತ್ತಿ

ಒತ್ತಾಯ ಎನ್ನುವವರು ಮೊದಲು ಆ ಸಮುದಾಯದ ರಚನೆ ನೋಡಬೇಕು. ಆಮಿಶರಿಗೆ ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ, ಅಧಿಕೃತ ವಕ್ತಾರರೂ ಇಲ್ಲ. ಸುಮಾರು 25ರಿಂದ 40 ಕುಟುಂಬ ಸೇರಿ ಒಂದು ಚರ್ಚ್ ವಲಯ. ಅದಕ್ಕೊಬ್ಬ ಬಿಷಪ್, ಸಾಮಾನ್ಯವಾಗಿ ಇಬ್ಬರು ಬೋಧಕರು, ದಾನನಿಧಿ ನೋಡಿಕೊಳ್ಳುವ ಒಬ್ಬ ಡೀಕನ್. ಇವರೆಲ್ಲ ರೈತರು, ಬಡಗಿಗಳು. ಚೀಟಿ ಎತ್ತಿ ಆರಿಸಿದವರು, ಸಂಬಳ ಇಲ್ಲ. ಚರ್ಚ್ ಕಟ್ಟಡವೂ ಇಲ್ಲ, ಎರಡು ವಾರಕ್ಕೊಮ್ಮೆ ಸರದಿಯಂತೆ ಯಾರಾದರೊಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಆರಾಧನೆ. ಮನೆಯೊಳಗೆ ಫೋನಿಲ್ಲದ ಇಂಥ ಜನಕ್ಕೆ ಕೆಲವೇ ಗಂಟೆಗಳಲ್ಲಿ ಎಲ್ಲರೂ ಕ್ಷಮಿಸಿ ಎಂದು ಮೇಲಿನಿಂದ ಆಜ್ಞೆ ಕಳಿಸುವವರು ಯಾರು? ಅಂದು ಸಂಜೆ ಹೋದವರು ಒಂದೇ ತಂಡವಾಗಿ ಹೋದವರಲ್ಲ. ಕೆಲವರು ಅವನ ಹೆಂಡತಿಯನ್ನು ಹುಡುಕಿಕೊಂಡು ಹೋದರು, ಬೇರೊಬ್ಬರು ಅವನ ತಂದೆಯ ಮನೆಗೆ. ಒಬ್ಬರು ಹೋದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಯಾರೂ ಹೇಳದೆ ಎಲ್ಲರೂ ಒಂದೇ ಕೆಲಸ ಮಾಡಿದರು ಎಂದರೆ ಅದರ ತಯಾರಿ ಎಷ್ಟೋ ಮೊದಲು ಆಗಿತ್ತು.

ಆ ತಯಾರಿ ಎಂಥದ್ದು ನೋಡಿ. ಯೇಸು ಕಲಿಸಿದ ಪ್ರಾರ್ಥನೆಯನ್ನು ಆಮಿಶ್ ಮಗು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತದೆ. ಬೆಳಿಗ್ಗೆ, ರಾತ್ರಿ, ಶಾಲೆಯಲ್ಲಿ, ಊಟದ ಹೊತ್ತಿನ ಮೌನದಲ್ಲಿ ಅದೇ ಪ್ರಾರ್ಥನೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎನ್ನುವ ಸಾಲು ಅದರಲ್ಲಿದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಅದರ ಬೆನ್ನಿಗೇ 14 ಮತ್ತು 15ನೇ ವಚನಗಳು ಬರುತ್ತವೆ: ನೀವು ಕ್ಷಮಿಸದಿದ್ದರೆ ದೇವರೂ ನಿಮ್ಮನ್ನು ಕ್ಷಮಿಸುವುದಿಲ್ಲ. ಬೇರೆ ಕ್ರೈಸ್ತರು ಇದನ್ನು ಸದುಪದೇಶವಾಗಿ ಓದಿಕೊಳ್ಳಬಹುದು. ಆಮಿಶರು ಷರತ್ತಾಗಿ ಓದುತ್ತಾರೆ. ಕ್ಷಮಿಸದೆ ಕೂತರೆ ತಮ್ಮ ಆತ್ಮಕ್ಕೇ ಕುತ್ತು. ಹೀಗಾಗಿ ಕ್ಷಮೆ ಅವರಿಗೆ ವಿಶೇಷ ಸದ್ಗುಣವಲ್ಲ, ಮಾಡಲೇಬೇಕಾದ ಕೆಲಸ.

ಅದರ ಅಭ್ಯಾಸ ಪಂಚಾಂಗದಲ್ಲೇ ಇದೆ. ವರ್ಷಕ್ಕೆ ಎರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಪ್ರಭುಭೋಜನ (ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ನಡೆಯುತ್ತದೆ. ಅದಕ್ಕೆ ಎರಡು ವಾರ ಮೊದಲು ಇಡೀ ವಲಯ ಸೇರುತ್ತದೆ. ಯಾರಿಗೆ ಯಾರ ಮೇಲೆ ಮುನಿಸಿದ್ದರೂ ಆ ಎರಡು ವಾರದೊಳಗೆ ಹೋಗಿ ಮಾತಾಡಿ ಮುಗಿಸಬೇಕು. ಜಗಳ ಬಗೆಹರಿಯದಿದ್ದರೆ ಇಡೀ ವಲಯದ ಪ್ರಭುಭೋಜನವೇ ಮುಂದೂಡುವುದುಂಟು. ಲ್ಯಾಂಕಾಸ್ಟರ್‌ನಲ್ಲಿ ಅಕ್ಟೋಬರ್ 11 ಇದಕ್ಕೆ ಸಿದ್ಧವಾಗುವ ಉಪವಾಸದ ದಿನ. ಅಂದರೆ ದುರಂತ ನಡೆದದ್ದು ಎಲ್ಲರೂ ತಮ್ಮ ಮನಸ್ಸಿನ ಬಾಕಿ ತೀರಿಸಿಕೊಳ್ಳುವ ಕಾಲದಲ್ಲೇ.

ಮೂರನೆಯದು ಅವರ ಹಿರಿಯರ ಕಥೆಗಳು. 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ, ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಎನ್ನುವ ಅನಾಬ್ಯಾಪ್ಟಿಸ್ಟ್ ಪಂಥದ ಒಂದು ಕವಲು ಇವರದು, 1693ರಲ್ಲಿ ಯಾಕೋಬ್ ಅಮ್ಮಾನ್ ಹಿಂದೆ ಹೋದವರು. ಆ ಪಂಥದವರನ್ನು ಯುರೋಪಿನಲ್ಲಿ ಮುಳುಗಿಸಿ, ಸುಟ್ಟು ಕೊಂದ ಕಾಲವಿತ್ತು. ಡಿರ್ಕ್ ವಿಲ್ಲೆಮ್ಸ್ ಎಂಬ ಡಚ್ಚನ ಕಥೆ ಪ್ರತಿ ಆಮಿಶ್ ಮಗುವಿಗೂ ಗೊತ್ತು. ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಬೆನ್ನಟ್ಟಿ ಬಂದವನ ಕಾಲಡಿ ಮಂಜು ಒಡೆಯಿತು. ಡಿರ್ಕ್ ಹಿಂದಿರುಗಿ ಅವನನ್ನು ಎತ್ತಿದ, ಅದರಿಂದಲೇ ಸಿಕ್ಕಿಬಿದ್ದ, 1569ರಲ್ಲಿ ಅವನನ್ನು ಸುಟ್ಟರು. ಮಕ್ಕಳಿಗೆ ಇದನ್ನು ಸೋತವನ ಕಥೆಯಾಗಿ ಹೇಳುವುದಿಲ್ಲ.

ಇನ್ನೊಂದು ಗೊಂದಲ. ಕ್ಷಮೆ ಎಂದರೆ ಶಿಕ್ಷೆ ಬೇಡ ಎಂದಲ್ಲ. ಶಾಲೆಯ ಶಿಕ್ಷಕಿ ತಪ್ಪಿಸಿಕೊಂಡು ಹತ್ತಿರದ ಹೊಲಮನೆಗೆ ಓಡಿದ್ದರಿಂದಲೇ ಪೊಲೀಸರಿಗೆ ಕರೆ ಹೋಯಿತು. ಅವನು ಬದುಕಿದ್ದರೆ ಜೈಲಿಗೆ ಹೋಗುವುದನ್ನು ಆಮಿಶರು ತಡೆಯುತ್ತಿರಲಿಲ್ಲ. ದಂಡಿಸುವುದು ಸರ್ಕಾರದ ಕೆಲಸ, ಸೇಡು ತೀರಿಸದಿರುವುದು ತಮ್ಮ ಕೆಲಸ ಎನ್ನುವುದು ಅವರ ಲೆಕ್ಕ. ಅಂದು ಸಂಜೆ ಅವರು ಹೇಳಿದ್ದು ಒಂದು ನಿರ್ಧಾರ. ಕೋಪ, ಸಂಕಟ ಆ ನಿರ್ಧಾರವನ್ನು ಕೇಳಿ ಹೊರಟುಹೋಗಲಿಲ್ಲ. ಪ್ರತಿದಿನ ಮತ್ತೆ ಮತ್ತೆ ಕ್ಷಮಿಸಬೇಕಾಯಿತು ಎಂದು ಆ ಮಕ್ಕಳ ತಂದೆತಾಯಿಯೇ ಆಮೇಲೆ ಹೇಳಿದ್ದಾರೆ.

ಉತ್ತರ: ಕಣಜ

ಸಾವಾದ ಮೇಲೆ ನಡೆಯುವ ಕೆಲಸಗಳ ವಿವರ ಹೇಳುತ್ತೇನೆ, ಏಕೆಂದರೆ ಆ ಸಮುದಾಯದ ಶಕ್ತಿ ಇರುವುದು ಅಲ್ಲಿ.

ಸುದ್ದಿ ತಿಳಿದ ಕೆಲವೇ ಗಂಟೆಗಳಲ್ಲಿ ಮನೆಯವರ ಕೈಯಿಂದ ಎಲ್ಲ ಕೆಲಸವನ್ನೂ ತೆಗೆದುಕೊಳ್ಳುತ್ತಾರೆ. ಹಾಲು ಕರೆಯುವುದು, ಕುದುರೆಗೆ ಮೇವು, ಹೊಲದ ಕೆಲಸ ನೆರೆಯ ಗಂಡಸರದು. ಅಡುಗೆ, ಮನೆ ತೊಳೆಯುವುದು, ಬಟ್ಟೆ ಹೆಂಗಸರದು. ನಮ್ಮಲ್ಲಿ ಸೂತಕದ ಮನೆಯಲ್ಲಿ ಒಲೆ ಹಚ್ಚದೆ ಅಕ್ಕಪಕ್ಕದವರು ಊಟ ತರುತ್ತಾರಲ್ಲ, ಅದಕ್ಕಿಂತ ಬಹಳ ವಿಸ್ತಾರವಾದ ವ್ಯವಸ್ಥೆ ಇದು. ಸಾಮಾನ್ಯವಾಗಿ ಮೂರು ದಂಪತಿಗಳನ್ನು ಉಸ್ತುವಾರಿಗೆ ನೇಮಿಸುತ್ತಾರೆ. ಯಾರಿಗೆ ಹೇಳಿಕಳಿಸಬೇಕು, ಬೆಂಚು ಎಷ್ಟು ಬೇಕು, ಯಾರನ್ನು ಎಲ್ಲಿ ಕೂರಿಸಬೇಕು, ಬರುವ ಕುದುರೆಗಳನ್ನು ಎಲ್ಲಿ ಕಟ್ಟಬೇಕು, ಎಲ್ಲ ಅವರ ಹೊಣೆ. ಮನೆಯವರ ಕೆಲಸ ಕೂತು ದುಃಖಿಸುವುದು ಮಾತ್ರ.

ದೇಹವನ್ನು ಹೊರಗಿನ, ಆಮಿಶನಲ್ಲದ ಅಂತ್ಯಕ್ರಿಯಾ ನಿರ್ವಾಹಕ ಒಯ್ದು, ಕೆಡದಂತೆ ಸಂಸ್ಕರಿಸಿ, ಒಂದು ದಿನದೊಳಗೆ ಮನೆಗೆ ತರುತ್ತಾನೆ. ಅಲಂಕಾರ, ಬಣ್ಣ ಏನೂ ಇಲ್ಲ. ಬಿಳಿ ಬಟ್ಟೆ ಉಡಿಸುವುದು ಮನೆಯವರೇ, ಹೆಣ್ಣಿಗೆ ಹೆಂಗಸರು, ಗಂಡಿಗೆ ಗಂಡಸರು. ಮದುವೆಯಾದ ಹೆಂಗಸಾದರೆ ಮದುವೆಯ ದಿನ ತೊಟ್ಟಿದ್ದ ಬಿಳಿ ಮೇಲುಡುಗೆ ಮತ್ತು ಏಪ್ರನ್ ಅನ್ನು ಇದಕ್ಕೆಂದೇ ಎತ್ತಿಟ್ಟಿರುತ್ತಾರೆ. ಶವಪೆಟ್ಟಿಗೆ ಸಾದಾ ಮರದ್ದು, ಆಮಿಶ್ ಬಡಗಿ ಮಾಡಿದ್ದು. ಮುಖ ನೋಡಲು ಮೇಲ್ಭಾಗದ ಮುಚ್ಚಳ ಮಾತ್ರ ಕೀಲಿನ ಮೇಲೆ ತೆರೆಯುತ್ತದೆ.

ಅಂತ್ಯಕ್ರಿಯೆ ಮೂರನೇ ದಿನ ಬೆಳಿಗ್ಗೆ, ಮನೆ ಅಥವಾ ಕೊಟ್ಟಿಗೆಯಲ್ಲಿ. ಮುನ್ನೂರು ನಾನೂರು ಜನ ಸೇರುವುದು ಸಾಮಾನ್ಯ. ಒಂದೂವರೆ ಎರಡು ಗಂಟೆ ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಉಪಭಾಷೆಯಲ್ಲಿ ಬೋಧನೆ. ಸತ್ತವರ ಗುಣಗಾನವಿಲ್ಲ, ಹುಟ್ಟಿದ ಮತ್ತು ತೀರಿದ ದಿನ ಓದುತ್ತಾರೆ, ಅಷ್ಟೇ. ಸ್ತೋತ್ರವನ್ನು ಹಾಡುವುದಿಲ್ಲ, ಓದುತ್ತಾರೆ. ಹೂವಿಲ್ಲ. ಆಮೇಲೆ ಕುದುರೆ ಎಳೆಯುವ ಶವದ ಬಂಡಿ, ಅದರ ಹಿಂದೆ ಬಗ್ಗಿ ಎನ್ನುವ ಕುದುರೆಗಾಡಿಗಳ ಸಾಲು. ಸಾಲು ತಪ್ಪಬಾರದೆಂದು ಪ್ರತಿ ಬಗ್ಗಿಯ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಿರುತ್ತಾರೆ. ಗುಂಡಿ ಕೈಯಲ್ಲೇ ತೋಡಿದ್ದು. ಮಣ್ಣು ಮುಚ್ಚುತ್ತಿರುವಾಗ ಬೋಧಕ ಸ್ತೋತ್ರ ಓದುತ್ತಾನೆ, ಕೊನೆಗೆ ಎಲ್ಲರೂ ಮನಸ್ಸಿನಲ್ಲೇ ಯೇಸು ಕಲಿಸಿದ ಅದೇ ಪ್ರಾರ್ಥನೆ. ಹಿಂದಿರುಗಿ ಊಟ: ತಣ್ಣನೆಯ ದನದ ಮಾಂಸ, ಹಿಸುಕಿದ ಆಲೂಗಡ್ಡೆ, ಗ್ರೇವಿ, ಎಲೆಕೋಸಿನ ಕೋಸಂಬರಿ, ಸೇಬಿನ ಗೊಜ್ಜು, ಬ್ರೆಡ್, ಒಣದ್ರಾಕ್ಷಿ ಪೈ. ಸಾವಿನ ಮನೆಗೆ ಒಣದ್ರಾಕ್ಷಿ ಪೈ ಎಷ್ಟು ರೂಢಿ ಎಂದರೆ ಅದಕ್ಕೆ ಸಾವಿನ ಪೈ ಎಂದೇ ಹೆಸರು. ವರ್ಷದ ಯಾವ ಋತುವಿನಲ್ಲೂ ಒಣದ್ರಾಕ್ಷಿ ಮನೆಯಲ್ಲಿರುತ್ತದಲ್ಲ.

ನಿಕಲ್ ಮೈನ್ಸ್‌ನಲ್ಲಿ ಅಕ್ಟೋಬರ್ 5ರಂದು ನಾಲ್ಕು ಮಕ್ಕಳ, 6ರಂದು ಐದನೆಯವಳ ಅಂತ್ಯಕ್ರಿಯೆ ನಡೆಯಿತು. ಸತ್ತವರಲ್ಲಿ ಇಬ್ಬರು ಅಕ್ಕತಂಗಿಯರು. ಒಂದೇ ದಿನ ಹಲವು ಮನೆಗಳಲ್ಲಿ ಈ ಏರ್ಪಾಟೆಲ್ಲ ಆಗಬೇಕಿತ್ತು, ಬಂಧುಗಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಿತ್ತು. ಜೊತೆಗೆ ಜಗತ್ತಿನ ಟಿವಿ ಗಾಡಿಗಳು. ರಾಜ್ಯ ಪೊಲೀಸರು ರಸ್ತೆ ಮುಚ್ಚಿದರು, ಮೇಲೆ ಹೆಲಿಕಾಪ್ಟರ್ ಹಾರದಂತೆ ವಾಯುಪ್ರದೇಶಕ್ಕೂ ನಿರ್ಬಂಧ ಬಂತು. ಹೊರಗಿನವರು ಅಂದು ಮಾಡಿದ ಅತಿ ದೊಡ್ಡ ಉಪಕಾರ ಅದೇ ಎಂದು ನನ್ನ ಅಭಿಪ್ರಾಯ: ಆ ಜನಕ್ಕೆ ಬೇಕಾದ ಮರೆಯನ್ನು ಒದಗಿಸಿದ್ದು. 7ನೇ ತಾರೀಕು ಕೊಲೆಗಾರನ ಮಣ್ಣಿಗೆ ಬಂದ ಸುಮಾರು 75 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಆಮಿಶರು. ಹಿಂದಿನ ಎರಡು ದಿನ ತಮ್ಮ ಮಕ್ಕಳನ್ನೇ ಮಣ್ಣು ಮಾಡಿದವರು ಕೂಡ ಅಲ್ಲಿದ್ದರು.

ಹನ್ನೆರಡನೇ ತಾರೀಕು ಬೆಳಕು ಹರಿಯುವ ಮೊದಲೇ ಶಾಲೆಯನ್ನು ಕೆಡವಿ ಜಾಗವನ್ನು ಹುಲ್ಲುಗಾವಲಾಗಲು ಬಿಟ್ಟರು. ಅಲ್ಲಿ ಸ್ಮಾರಕ ಕಟ್ಟಲಿಲ್ಲ. ಪಾಠ ಒಂದು ಗ್ಯಾರೇಜಿನಲ್ಲಿ ಮುಂದುವರಿಯಿತು. ಸರಿಯಾಗಿ ಆರು ತಿಂಗಳಿಗೆ, 2007ರ ಏಪ್ರಿಲ್ 2ರಂದು, ಹತ್ತಿರದಲ್ಲೇ ಬೇರೆ ಜಾಗದಲ್ಲಿ ಹೊಸ ಶಾಲೆ ತೆರೆಯಿತು. ಹೆಸರು ನ್ಯೂ ಹೋಪ್. ಬಾಗಿಲು ಗಟ್ಟಿಯದು, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದು. ಕ್ಷಮಿಸಿದರು, ಆದರೆ ಬಾಗಿಲಿಗೆ ಚಿಲಕ ಹಾಕುವುದನ್ನೂ ಕಲಿತರು.

ಹೊರಗಿನವರ ಕಣ್ಣಿಗೆ ಬೀಳದ ಭಾಗ ಇದರ ನಂತರದ್ದು. ಮಗು ಅಥವಾ ಒಡಹುಟ್ಟಿದವರು ಸತ್ತರೆ ಹೆಂಗಸರು ಹೊರಗೆ ಹೋಗುವಾಗ ಒಂದು ವರ್ಷ ಕಪ್ಪು ಉಡುತ್ತಾರೆ. ಅಜ್ಜಅಜ್ಜಿಗೆ ಆರು ತಿಂಗಳು, ಚಿಕ್ಕಪ್ಪ ಚಿಕ್ಕಮ್ಮಂದಿರಿಗೆ ಮೂರು ತಿಂಗಳು, ಸೋದರ ಸಂಬಂಧಿಗೆ ಆರು ವಾರ. ಆ ಬಣ್ಣ ಕಂಡವರು ಈ ಮನೆಗೆ ಇನ್ನೂ ಹೋಗಿ ಬರಬೇಕು ಎಂದು ತಿಳಿದುಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ, ವಾರದ ಸಂಜೆಗಳಲ್ಲಿ ಜನ ಬರುತ್ತಲೇ ಇರುತ್ತಾರೆ, ಒಂದು ವರ್ಷ. ಅದೇ ಬಗೆಯಲ್ಲಿ ಮಕ್ಕಳನ್ನು ಕಳೆದುಕೊಂಡ ದೂರದ ರಾಜ್ಯಗಳ ತಂದೆತಾಯಂದಿರು ಸುತ್ತು ಪತ್ರ ಬರೆಯುತ್ತಾರೆ. ಒಂದು ಲಕೋಟೆ ಮನೆಯಿಂದ ಮನೆಗೆ ಹೋಗುತ್ತದೆ, ಪ್ರತಿಯೊಬ್ಬರೂ ತಮ್ಮ ಹಳೆಯ ಹಾಳೆ ತೆಗೆದು ಹೊಸದು ಸೇರಿಸಿ ಮುಂದಕ್ಕೆ ಕಳಿಸುತ್ತಾರೆ. ಒಹಾಯೋದಿಂದ 1890ರಿಂದ ಬರುತ್ತಿರುವ ದಿ ಬಜೆಟ್, 1975ರಲ್ಲಿ ಶುರುವಾದ ಡೀ ಬೋಟ್‌ಶಾಫ್ಟ್ ಪತ್ರಿಕೆಗಳ ತುಂಬ ಊರೂರಿನ ಇಂಥ ಸುದ್ದಿಯೇ.

ಹೊಳೆದಂಡೆ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಹಣದ ವಿಷಯ ಯಾರಾದರೂ ಬರೆಯುತ್ತೀರಾ? ಹೆಲಿಕಾಪ್ಟರ್, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆ ಎಂದರೆ ಅಮೆರಿಕದಲ್ಲಿ ಮನೆ ಮಾರಿದರೂ ಸಾಲದು.

ಉತ್ತರ: ಖಾತೆಪುಸ್ತಕ

ಆಮಿಶರು ಸಾಮಾನ್ಯವಾಗಿ ವಾಣಿಜ್ಯ ಆರೋಗ್ಯ ವಿಮೆ ಕೊಳ್ಳುವುದಿಲ್ಲ. ಕಷ್ಟಕ್ಕೆ ಸಹೋದರರು ಆಗಬೇಕು, ಕಂಪನಿ ಅಲ್ಲ ಎನ್ನುವುದು ಅವರ ನಿಲುವು. ಸ್ವಂತ ದುಡಿಮೆಯ ಆಮಿಶರಿಗೆ 1965ರಿಂದ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಯೋಜನೆಯಿಂದ ವಿನಾಯಿತಿ ಇದೆ. ಅದರ ತೆರಿಗೆ ಕಟ್ಟುವುದಿಲ್ಲ, ಪಿಂಚಣಿಯನ್ನೂ ಪಡೆಯುವುದಿಲ್ಲ. ಆದಾಯ ತೆರಿಗೆ, ಆಸ್ತಿ ತೆರಿಗೆ, ಮಾರಾಟ ತೆರಿಗೆ ಎಲ್ಲರಂತೆ ಕಟ್ಟುತ್ತಾರೆ. ಆಮಿಶರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂದು ನಮ್ಮವರು ಆಗಾಗ ಹೇಳುತ್ತಾರೆ, ಅದು ತಪ್ಪು.

ಬಿಲ್ ಬಂದಾಗ ಕ್ರಮ ಹೀಗೆ. ಮೊದಲು ಕುಟುಂಬ ತನ್ನಿಂದಾದಷ್ಟು ಕಟ್ಟುತ್ತದೆ. ಸಾಲದಿದ್ದರೆ ಡೀಕನ್‌ಗೆ ತಿಳಿಸುತ್ತಾರೆ, ವಲಯದ ದಾನನಿಧಿಯಿಂದ ಬರುತ್ತದೆ. ಅದೂ ಸಾಲದಿದ್ದರೆ ಅಕ್ಕಪಕ್ಕದ ವಲಯಗಳ ಡೀಕನ್‌ಗಳಿಗೆ ಹೋಗುತ್ತದೆ. ಲ್ಯಾಂಕಾಸ್ಟರ್‌ನಲ್ಲಿ ದೊಡ್ಡ ಆಸ್ಪತ್ರೆ ಖರ್ಚಿಗೆಂದೇ ಆಮಿಶರ ಪರಸ್ಪರ ನೆರವಿನ ವ್ಯವಸ್ಥೆಯೂ ಇದೆ. ನಗದಾಗಿ, ತಡಮಾಡದೆ ಕಟ್ಟುವವರಾದ್ದರಿಂದ ಆಸ್ಪತ್ರೆಗಳ ಜೊತೆ ಮಾತಾಡಿ ದರ ಇಳಿಸಿಕೊಳ್ಳುತ್ತಾರೆ. ಕೋರ್ಟಿಗೆ ಹೋಗಿ ಪರಿಹಾರ ಕೇಳುವುದು ಈ ಲೆಕ್ಕದಲ್ಲೇ ಇಲ್ಲ, ದಾವೆ ಹೂಡುವುದು ಅವರ ನಂಬಿಕೆಗೆ ವಿರುದ್ಧ.

ನಿಕಲ್ ಮೈನ್ಸ್‌ನಲ್ಲಿ ತೊಂದರೆಯಾದದ್ದು ಹಣದ ಕೊರತೆಯಿಂದಲ್ಲ, ಹಣದ ಪ್ರವಾಹದಿಂದ. ಯಾರೂ ಕೇಳದೆಯೇ ಜಗತ್ತಿನ ಮೂಲೆಮೂಲೆಯಿಂದ 40 ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಹೊರಗಿನವರಿಂದ ಇಷ್ಟು ಪಡೆಯುವುದು ಸರಿಯೇ ಎಂಬ ಪ್ರಶ್ನೆ ಒಳಗೆ ಎದ್ದಿತು. ಕೊಡುವವರಿಗೂ ಅವರದೇ ಒಂದು ನೋವಿದೆ, ಬೇಡ ಎಂದರೆ ಅದನ್ನು ತಳ್ಳಿದಂತೆ ಎಂದು ಒಪ್ಪಿಕೊಂಡರು. ಅನಾಬ್ಯಾಪ್ಟಿಸ್ಟರ ಇನ್ನೊಂದು ಕವಲಾದ ಮೆನೊನೈಟರ ಸೇವಾಸಂಸ್ಥೆಗಳ ಮೂಲಕವೂ ಹಣ ಬಂತು. ಎರಡು ದಿನದೊಳಗೆ ಆಮಿಶರೂ ನೆರೆಯ ಹೊರಗಿನವರೂ ಇದ್ದ ಒಂದು ಸಮಿತಿ ರಚಿಸಿದರು. ಅದರ ಹೆಸರೇ ನಿಕಲ್ ಮೈನ್ಸ್ ಅಕೌಂಟಬಿಲಿಟಿ ಕಮಿಟಿ. ಆಸ್ಪತ್ರೆ, ಆಪ್ತಸಮಾಲೋಚನೆ, ಬದುಕಿಡೀ ಅಂಗವೈಕಲ್ಯದ ಆರೈಕೆ ಬೇಕಾದ ಮಗುವಿನ ಖರ್ಚು ಮೊದಲಾದವು ಅದರ ಹೊಣೆ. ಕೊಲೆಗಾರನ ಹೆಂಡತಿ ಮತ್ತು ಮೂರು ಮಕ್ಕಳನ್ನೂ ನೆರವಿನಿಂದ ಹೊರಗಿಡಲಿಲ್ಲ. ಕ್ಷಮೆ ಮಾತೋ ನಿಜವೋ ಎಂದು ಅನುಮಾನಪಡುವವರು ಈ ಒಂದು ನಮೂದನ್ನು ನೋಡಲಿ.

ಹಣಕ್ಕಿಂತ ಹೆಚ್ಚು ತಲೆನೋವು ವಸ್ತುಗಳದ್ದು. ಪತ್ರಗಳು, ಗೊಂಬೆಗಳು, ಆಟಿಕೆ ಕರಡಿಗಳು ರಾಶಿರಾಶಿಯಾಗಿ ಬಂದವು. ಬಾರ್ಟ್‌ನ ಅಗ್ನಿಶಾಮಕ ಠಾಣೆಯಲ್ಲಿ ಸ್ವಯಂಸೇವಕರು ಕೂತು ವಿಂಗಡಿಸಬೇಕಾಯಿತು. ಆ ಠಾಣೆಯ ಸ್ವಯಂಸೇವಕರಲ್ಲಿ ಆಮಿಶರೂ ಇದ್ದಾರೆ, ವಾಹನ ಓಡಿಸುವುದಿಲ್ಲ, ಬೆಂಕಿ ಆರಿಸಲು ಹೋಗುತ್ತಾರೆ. ದುರಂತ ಎಲ್ಲೇ ಆಗಲಿ, ಕೇಳದೆ ವಸ್ತು ಕಳಿಸಿದರೆ ಅದನ್ನು ಇಡಲು ಜಾಗ, ವಿಂಗಡಿಸಲು ಕೈ, ಹಂಚಲು ಗಾಡಿ ನೊಂದವರೇ ಹುಡುಕಬೇಕಾಗುತ್ತದೆ.

ಉತ್ತರ: ಸಂಜೆಮಲ್ಲಿಗೆ

ಮೇಲಿನದೆಲ್ಲ ಸರಿ, ಆದರೆ ಚಿತ್ರ ಅರ್ಧ. ಪೆಟ್ಟು ಹೊರಗಿನಿಂದ ಬಿದ್ದಾಗ ಈ ವ್ಯವಸ್ಥೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಪೆಟ್ಟು ಒಳಗಿನವರೇ ಕೊಟ್ಟದ್ದಾದರೆ ಅದೇ ವ್ಯವಸ್ಥೆ ನೊಂದವರ ಮೇಲೆ ತಿರುಗಿ ಬೀಳಬಹುದು.

ಬಹಿಷ್ಕಾರದಿಂದ ಶುರುಮಾಡೋಣ. ದೀಕ್ಷಾಸ್ನಾನ ಪಡೆದು ಪ್ರತಿಜ್ಞೆ ಮಾಡಿದ ಸದಸ್ಯ ಅದನ್ನು ಮುರಿದರೆ ಒಂದೇ ಮೇಜಿನಲ್ಲಿ ಊಟವಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಐದು ಮಕ್ಕಳನ್ನು ಕೊಂದವನನ್ನು ಕ್ಷಮಿಸಿದವರು ಕಾರು ಕೊಂಡ ಮಗನನ್ನು ಬೇರೆ ಮೇಜಿಗೆ ಕೂರಿಸುತ್ತಾರೆ ಎಂದು ಟೀಕಾಕಾರರು ಹೇಳುವುದು ಇದಕ್ಕೇ. ಆಮಿಶರ ಉತ್ತರ ಹೀಗಿದೆ: ಹೊರಗಿನವನು ನಮಗೆ ಮಾತು ಕೊಟ್ಟಿರಲಿಲ್ಲ, ಮಗ ಕೊಟ್ಟಿದ್ದ. ಬಹಿಷ್ಕಾರ ಸೇಡಲ್ಲ, ಹಿಂದೆ ಕರೆಯುವ ದಾರಿ. ಮಂಡಿಯೂರಿ ತಪ್ಪೊಪ್ಪಿಕೊಂಡರೆ ಪೂರ್ತಿ ಒಳಗೆ ತೆಗೆದುಕೊಳ್ಳುತ್ತಾರೆ, ಆಮೇಲೆ ಆ ವಿಷಯ ಎತ್ತುವಂತಿಲ್ಲ. ತರ್ಕ ಅರ್ಥವಾಗುತ್ತದೆ, ಆದರೆ ಅದನ್ನು ಅನುಭವಿಸುವವರಿಗೆ ನೋವು ಕಡಿಮೆಯಾಗುವುದಿಲ್ಲ.

ನಿಜವಾದ ಅಪಾಯ ಆ ಕೊನೆಯ ನಿಯಮದಲ್ಲಿದೆ. ಮನೆಯೊಳಗಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಇದು ಹೇಗೆ ಕೆಡುತ್ತದೆ ನೋಡಿ. ಅಪರಾಧಿ ಸಭೆಯಲ್ಲಿ ಒಪ್ಪಿಕೊಳ್ಳುತ್ತಾನೆ, ಸಾಮಾನ್ಯವಾಗಿ ಆರು ವಾರ ಹೊರಗಿಡುತ್ತಾರೆ, ಮತ್ತೆ ಸೇರಿಸಿಕೊಳ್ಳುತ್ತಾರೆ. ಅಲ್ಲಿಗೆ ಸಭೆಯ ಲೆಕ್ಕದಲ್ಲಿ ಮುಗಿಯಿತು. ಹುಡುಗಿ ಮಾತ್ರ ಅದೇ ಮನೆಯಲ್ಲಿ, ಅದೇ ಸೂರಿನಡಿ. ಅವಳು ಮತ್ತೆ ಮಾತೆತ್ತಿದರೆ ಕ್ಷಮಿಸದವಳು ಎಂಬ ತಪ್ಪು ಅವಳ ಮೇಲೆ. ಪೊಲೀಸರ ಬಳಿ ಹೋದರೆ ಲೋಕದ ಕಾನೂನಿಗೆ ಮೊರೆಹೋದವಳು. ಎಂಟನೇ ತರಗತಿಗೆ ಓದು ನಿಂತಿರುತ್ತದೆ (ಅಮೆರಿಕದ ಸುಪ್ರೀಂ ಕೋರ್ಟಿನ 1972ರ ವಿಸ್ಕಾನ್ಸಿನ್ ವಿರುದ್ಧ ಯೋಡರ್ ತೀರ್ಪು ಇದಕ್ಕೆ ಅವಕಾಶ ಕೊಟ್ಟಿತು), ಹೊರಗೆ ಯಾರನ್ನು ಕೇಳಬೇಕು ಎಂಬುದೂ ತಿಳಿದಿರುವುದಿಲ್ಲ. ಪೆನ್ಸಿಲ್ವೇನಿಯಾ, ಒಹಾಯೋ ಸೇರಿ ಹಲವು ರಾಜ್ಯಗಳ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ಆಮಿಶ್ ಕ್ಷಮೆ ಎಂಬ ಮಾತನ್ನು ಎಲ್ಲ ನೋವಿಗೂ ಮದ್ದಾಗಿ ಹಂಚುವ ಬರಹಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸತ್ತುಹೋದ ಅಪರಾಧಿಯನ್ನು ಕ್ಷಮಿಸುವುದು ಬೇರೆ. ನಾಳೆ ಮತ್ತೆ ಕೋಣೆಗೆ ಬರಬಲ್ಲವನನ್ನು ಕ್ಷಮಿಸು ಎಂದು ಮಗುವಿಗೆ ಹೇಳುವುದು ಬೇರೆ.

ನಿಕಲ್ ಮೈನ್ಸ್‌ನಲ್ಲೂ ಎಲ್ಲವೂ ಸರಾಗವಾಗಿರಲಿಲ್ಲ. ಹೊರಗೆ ಕಳಿಸಲ್ಪಟ್ಟ ಗಂಡುಮಕ್ಕಳಲ್ಲಿ ಕೆಲವರು ನಾವು ಬಿಟ್ಟು ಬಂದೆವಲ್ಲ ಎಂಬ ಅಪರಾಧಭಾವದಲ್ಲಿ ವರ್ಷಗಟ್ಟಲೆ ನರಳಿದರು. ಕುಟುಂಬಗಳು ಹೊರಗಿನ ಆಪ್ತಸಮಾಲೋಚಕರ ನೆರವು ಪಡೆದವು. ಇದನ್ನು ಹೇಳುವುದು ಅವರನ್ನು ಕೆಳಗಿಳಿಸಲು ಅಲ್ಲ. ಪ್ರಾರ್ಥನೆ ಇದ್ದರೆ ವೈದ್ಯರು ಬೇಡ ಎಂದು ಅವರೇ ಅಂದುಕೊಳ್ಳಲಿಲ್ಲ ಎಂಬುದನ್ನು ನಾವೂ ತಿಳಿಯಬೇಕು.

ದಾರಿಬುತ್ತಿ

ಸಂಜೆಮಲ್ಲಿಗೆಯವರ ಮಾತು ಪೂರ್ತಿ ಒಪ್ಪುತ್ತೇನೆ. ಒಂದನ್ನು ಸೇರಿಸುತ್ತೇನೆ. ಕ್ಷಮೆ ಆ ಸಂಜೆಗೆ ಮುಗಿದಿದ್ದರೆ ಅದು ಬರೀ ಸುದ್ದಿಯಾಗಿ ಉಳಿಯುತ್ತಿತ್ತು. ಕೊಲೆಗಾರನ ತಾಯಿ ಆ ಊರಿನ ಸಮೀಪದಲ್ಲೇ ಬಾಳಿದರು. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋಗಿ ಬಂದರು, ಆ ತಾಯಂದಿರನ್ನು ತಮ್ಮ ಮನೆಗೆ ಚಹಾಕ್ಕೆ ಕರೆದರು. ತಲೆಗೆ ಗುಂಡು ತಗುಲಿ ಗಾಲಿಕುರ್ಚಿಯಲ್ಲಿದ್ದ, ಕೊಳವೆಯಲ್ಲಿ ಆಹಾರ ಪಡೆಯುತ್ತಿದ್ದ ಹುಡುಗಿಯ ಮನೆಗೆ ವಾರಕ್ಕೊಮ್ಮೆ ಹೋಗಿ ಅವಳಿಗೆ ಸ್ನಾನ ಮಾಡಿಸುವುದು, ಓದಿ ಹೇಳುವುದು, ಹಾಡುವುದು ಮಾಡುತ್ತಿದ್ದರು, ಹಲವು ವರ್ಷ. ಆ ಹುಡುಗಿಯ ತಂದೆತಾಯಿ ಪ್ರತಿ ವಾರ ಬಾಗಿಲು ತೆರೆಯಬೇಕಿತ್ತು ಎಂಬುದನ್ನು ಯೋಚಿಸಿ. ಅದನ್ನು ಯಾವ ಗುಂಪೂ ಒತ್ತಾಯದಿಂದ ಮಾಡಿಸಲಾರದು.

ಉತ್ತರ: ಕಣಜ

ಹೊಳೆದಂಡೆಯವರ ಕೊನೆಯ ಪ್ರಶ್ನೆ ಉಳಿದಿದೆ. ಆಮಿಶ್ ನೆರೆಮನೆಯಲ್ಲಿ ಸಾವಾದಾಗ ಮೊದಲ ಹೆಜ್ಜೆ ಉಸ್ತುವಾರಿಯ ದಂಪತಿಗಳು ಯಾರೆಂದು ತಿಳಿಯುವುದು. ಮನೆಯವರನ್ನೇ ಏನು ಬೇಕು ಎಂದು ಕೇಳಬೇಡಿ. ಓಣಿಯ ತುದಿಯಲ್ಲಿ ಪುಟ್ಟ ಗುಡಿಸಲಿನಂತೆ ಫೋನ್ ಇರುತ್ತದೆ, ಧ್ವನಿಸಂದೇಶ ಬಿಟ್ಟರೆ ಅವರು ಬಂದು ಕೇಳಿಸಿಕೊಂಡಾಗ ಉತ್ತರಿಸುತ್ತಾರೆ. ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ವಸ್ತು ನಿಮ್ಮ ಕಾರು. ಆಮಿಶರು ಕಾರು ಓಡಿಸುವುದಿಲ್ಲ, ಕೂತು ಹೋಗುತ್ತಾರೆ. ಬಾಡಿಗೆಗೆ ಕರೆದೊಯ್ಯುವ ಚಾಲಕರಿದ್ದಾರೆ, ಆದರೆ ಹಠಾತ್ ಸಾವಿನಲ್ಲಿ ಅವರೂ ಸಾಲುವುದಿಲ್ಲ. ಫಿಲಡೆಲ್ಫಿಯಾ, ಹರ್ಷೀ ಆಸ್ಪತ್ರೆಗೆ ಹೋಗಿಬರುವುದು, ರೈಲ್ವೆ ನಿಲ್ದಾಣದಿಂದ ಬಂಧುಗಳನ್ನು ಕರೆತರುವುದು ದೊಡ್ಡ ನೆರವು. ಬೇಸಿಗೆಯಾದರೆ ಮಂಜುಗಡ್ಡೆಯ ಚೀಲಗಳು, ನೂರಾರು ಜನಕ್ಕೆ ಬೇಕಾಗುವ ಕಾಗದದ ತಟ್ಟೆ ಲೋಟಗಳು, ಕೇಳಿಕೊಂಡು ತನ್ನಿ. ಹೂಗುಚ್ಛ ಬೇಡ.

ನೋಡಲು ಹೋದರೆ ಗಾಢ ಬಣ್ಣದ, ಸರಳ ಬಟ್ಟೆ. ಕೋಣೆಯಲ್ಲಿ ಜನ ಸುತ್ತಲೂ ಕುರ್ಚಿ, ಬೆಂಚಿನ ಮೇಲೆ ಕೂತಿರುತ್ತಾರೆ. ಒಂದು ತುದಿಯಿಂದ ಎಲ್ಲರ ಕೈ ಕುಲುಕುತ್ತ ಹೋಗಿ, ಖಾಲಿ ಜಾಗದಲ್ಲಿ ಕೂತುಬಿಡಿ. ಅಪ್ಪಿಕೊಳ್ಳಬೇಡಿ. ಮಾತು ಹುಡುಕಬೇಡಿ, ಮೌನ ಅಲ್ಲಿ ಮುಜುಗರವಲ್ಲ. ಶವ ನೋಡಬೇಕೇ ಎಂದು ಕೇಳಿದರೆ ಹೋಗಬಹುದು, ಬೇಡ ಎಂದರೂ ತಪ್ಪು ತಿಳಿಯುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಸಾಕು. ಹೇಗಾಯಿತು, ಕೇಸು ಹಾಕುತ್ತೀರಾ ಎಂದು ಕೇಳಬೇಡಿ. ಕ್ಷಮಿಸಿದಿರಾ ಎಂದಂತೂ ಕೇಳಲೇಬೇಡಿ. ಅಂತ್ಯಕ್ರಿಯೆಗೆ ಕರೆದರೆ ಬೆಳಿಗ್ಗೆ 9ಕ್ಕೆ ಮೊದಲೇ ಅಲ್ಲಿರಿ. ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ. ಊಟದಲ್ಲಿ ಸಸ್ಯಾಹಾರಿಗಳು ಗ್ರೇವಿ ಬಿಡಿ, ಅದು ಮಾಂಸದ ರಸದ್ದು. ಕೋಸಂಬರಿಯಲ್ಲಿ ಮೊಟ್ಟೆಯ ಮೇಯನೇಸ್ ಇರಬಹುದು. ಬ್ರೆಡ್, ಸೇಬಿನ ಗೊಜ್ಜು ತೊಂದರೆಯಿಲ್ಲ. ಹಣ ಕೊಡುವುದಾದರೆ ಪತ್ರದೊಳಗೆ ಚೆಕ್ ಇಟ್ಟು ಕೊಡಿ, ಅವರಿಗೆ ಬ್ಯಾಂಕ್ ಖಾತೆ ಇರುತ್ತದೆ. ಮತ್ತು ಆರು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮತ್ತೆ ಹೋಗಿ. ಹೊರಗಿನವರು ತಪ್ಪದೆ ಮರೆಯುವುದು ಇದನ್ನೇ.

ವಾರಾಂತ್ಯಕ್ಕೆ ಲ್ಯಾಂಕಾಸ್ಟರ್ ನೋಡಲು ಹೋಗುವವರಿಗೆ: ನಿಕಲ್ ಮೈನ್ಸ್‌ನ ಹಳೆಯ ಶಾಲೆ ಇದ್ದ ಜಾಗ ಯಾರದೋ ಹುಲ್ಲುಗಾವಲು, ಪ್ರವಾಸಿ ತಾಣವಲ್ಲ. ಹೊಸ ಶಾಲೆಯ ಹತ್ತಿರ ಕಾರು ನಿಲ್ಲಿಸಬೇಡಿ. ಅಪರಿಚಿತ ಕಾರು ನಿಂತರೆ ಆ ಊರಿನ ತಾಯಂದಿರಿಗೆ ಏನನ್ನಿಸಬಹುದು ಊಹಿಸಿ. ಮುಖ ಕಾಣುವ ಫೋಟೋ ದೂರದಿಂದಲೂ ಬೇಡ.

ರಸ್ತೆಯ ಮಾತನ್ನೂ ಹೇಳಲೇಬೇಕು, ಅಲ್ಲಿ ಹಠಾತ್ ಸಾವು ಮತ್ತೆ ಮತ್ತೆ ಬರುವುದು ಬಗ್ಗಿಗೆ ಹಿಂದಿನಿಂದ ಕಾರು ಗುದ್ದಿ. ಬಗ್ಗಿಯ ವೇಗ ಗಂಟೆಗೆ 10 ಮೈಲಿಯ ಆಸುಪಾಸು. ನೀವು 55ರಲ್ಲಿದ್ದರೆ ಸೆಕೆಂಡಿಗೆ 66 ಅಡಿಯಂತೆ ಅದರ ಹತ್ತಿರ ಬರುತ್ತಿರುತ್ತೀರಿ. 500 ಅಡಿ ದೂರದಲ್ಲಿ ಕಂಡರೂ ಎಂಟು ಸೆಕೆಂಡಿಗಿಂತ ಕಡಿಮೆ ಸಮಯ. ಲ್ಯಾಂಕಾಸ್ಟರ್ ಬಗ್ಗಿಗಳು ಬೂದು ಬಣ್ಣದವು, ಮುಸ್ಸಂಜೆಯಲ್ಲಿ ರಸ್ತೆಯ ಬಣ್ಣದಲ್ಲೇ ಕರಗಿಹೋಗುತ್ತವೆ. ಹಿಂದಿರುವ ಕಿತ್ತಳೆ ತ್ರಿಕೋನ ಕಂಡ ತಕ್ಷಣ ಬ್ರೇಕ್ ಮೇಲೆ ಕಾಲಿಡಿ. ಏರು ಅಥವಾ ತಿರುವಿನಲ್ಲಿ ದಾಟಬೇಡಿ. ಹಾರ್ನ್ ಮಾಡಬೇಡಿ, ಕುದುರೆ ಬೆದರುತ್ತದೆ. ದಾಟಿದ ಮೇಲೆ ತಕ್ಷಣ ಮುಂದೆ ನುಗ್ಗಿ ಬ್ರೇಕ್ ಹಾಕಬೇಡಿ. ಸಿಗ್ನಲ್‌ನಲ್ಲಿ ಬಗ್ಗಿಯ ಹಿಂದೆ ನಿಂತಾಗ ಹತ್ತು ಹನ್ನೆರಡು ಅಡಿ ಜಾಗ ಬಿಡಿ, ಹೊರಡುವಾಗ ಬಗ್ಗಿ ತುಸು ಹಿಂದಕ್ಕೆ ಉರುಳುವುದುಂಟು.